ಹರಿಹರದ ಸೇತುವೆ ಗಟ್ಟಿಯಿದೆ, ಪಂಬನ್ ಸೇತುವೆಗೆ ಏನಾಯ್ತು?

ಪ್ರಶ್ನೆ: ದಾವಣಗೆರೆಯಿಂದ ನಾವು ನಾಲ್ಕಾರು ಮನೆಯವರು ಸೇರಿ ರಾಮೇಶ್ವರಕ್ಕೆ ಹೋಗಿಬಂದೆವು. ಹೊಸ ಸೇತುವೆಯ ಮೇಲೆ ರೈಲು ಹೋಗುವಾಗ ಪಕ್ಕದಲ್ಲೇ ಹಳೇ ಪಂಬನ್ ಸೇತುವೆ ಕಂಡಿತು. ಅದನ್ನು ಕಟ್ಟಿದ್ದು ಒಬ್ಬ ಜರ್ಮನ್ ಎಂಜಿನಿಯರ್, 1964ರಲ್ಲಿ ಅದರ ಮೇಲಿಂದಲೇ ರೈಲು ಸಮುದ್ರಕ್ಕೆ ಬಿತ್ತು ಅಂತ ಗೈಡ್ ಹೇಳಿದರು. ನಿಜವೇ? ಇನ್ನೊಂದು ವಿಷಯ. ಹರಿಹರದಲ್ಲಿ ತುಂಗಭದ್ರೆಗೆ ಕಟ್ಟಿದ ಹಳೇ ಸೇತುವೆ ಇದಕ್ಕಿಂತ ಹಿರಿಯದು, ಇನ್ನೂ ನಿಂತಿದೆ. ಹಾಗಿರುವಾಗ ನೂರು ಚಿಲ್ಲರೆ ವರ್ಷಕ್ಕೇ ಪಂಬನ್ ಸೇತುವೆಯನ್ನು ಕೈಬಿಟ್ಟಿದ್ದೇಕೆ? ರಿಪೇರಿ ಮಾಡಿ ಉಳಿಸಿಕೊಳ್ಳಬಹುದಿತ್ತಲ್ಲವೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ:

ಗೈಡ್ ಹೇಳಿದ ಎರಡು ಮಾತೂ ಸರಿಯಲ್ಲ. ಅವರೊಬ್ಬರನ್ನೇ ದೂರಬೇಡಿ, ಪತ್ರಿಕೆಗಳಲ್ಲಿ, ಪ್ರವಾಸದ ವಿಡಿಯೊಗಳಲ್ಲಿ ವರ್ಷಗಟ್ಟಲೆ ಓಡಾಡಿಕೊಂಡಿರುವ ಮಾತುಗಳೇ ಅವು. ಅವಕ್ಕೆ ಉತ್ತರ ಚಿಕ್ಕದು. ನಿಮ್ಮ ಮೂರನೇ ಪ್ರಶ್ನೆ, ಹರಿಹರದ್ದು ಇದೆಯಲ್ಲ, ಅದು ಮಾತ್ರ ತೂಕದ ಪ್ರಶ್ನೆ. ರೈಲ್ವೆಯ ಸೇತುವೆ ವಿಭಾಗದಲ್ಲಿ ಸುತ್ತಿಗೆ ಹಿಡಿದು ಗರ್ಡರ್ (ಸೇತುವೆಯ ಉಕ್ಕಿನ ತೊಲೆ) ತಟ್ಟುತ್ತಲೇ ಕೆಲಸ ಕಲಿತವನು ನಾನು. ಹಾಗಾಗಿ ಅದಕ್ಕೇ ಹೆಚ್ಚು ಜಾಗ ಕೊಡುತ್ತೇನೆ.

ಮೊದಲು ಆ ನೀರು ಎಂಥದ್ದು ನೋಡಿ. ರಾಮೇಶ್ವರ ಒಂದು ದ್ವೀಪ. ಅದಕ್ಕೂ ಮಂಟಪಂ ಕಡೆಯ ನೆಲಕ್ಕೂ ನಡುವೆ ಎರಡು ಕಿಲೋಮೀಟರಿನಷ್ಟು ಅಗಲದ ಕಡಲು. ಉತ್ತರಕ್ಕೆ ಪಾಕ್ ಕೊಲ್ಲಿ, ದಕ್ಷಿಣಕ್ಕೆ ಮನ್ನಾರ್ ಕೊಲ್ಲಿ. ಎರಡನ್ನೂ ಕೂಡಿಸುವ ಇಕ್ಕಟ್ಟಾದ ಕಂಡಿ ಇದು. ಉಬ್ಬರಕ್ಕೂ ಇಳಿತಕ್ಕೂ ಇಲ್ಲಿ ನೀರಿನ ಮಟ್ಟ ಒಂದು ಮೀಟರ್ ಕೂಡ ಏರಿಳಿಯುವುದಿಲ್ಲ. ಗುಜರಾತಿನ ಖಂಭಾತ್ ಕಡೆಯ ಉಬ್ಬರ ನೋಡಿದವರಿಗೆ ‘ಇದೂ ಒಂದು ಉಬ್ಬರವೇ?’ ಅನಿಸೀತು. ಆದರೆ ಎರಡು ಕೊಲ್ಲಿಗಳ ಮಟ್ಟ ಯಾವಾಗಲೂ ಸಮ ಇರುವುದಿಲ್ಲವಾದ್ದರಿಂದ ಕಂಡಿಯಲ್ಲಿ ಸೆಳವು ಜೋರು. ಮುಂಗಾರಿನ ಗಾಳಿಗೆ ನೀರು ಮನ್ನಾರ್ ಕಡೆಯಿಂದ ಪಾಕ್ ಕೊಲ್ಲಿಗೆ ನುಗ್ಗುತ್ತದೆ, ಹಿಂಗಾರಿನಲ್ಲಿ ತಿರುಗುಮುರುಗು. ತಳದಲ್ಲಿ ಬಂಡೆ, ಮರಳದಿಣ್ಣೆ. ಹಡಗು ಹಾಯಲು ಒಂದೇ ಒಂದು ಕಿರಿದಾದ ದಾರಿ. ಅದನ್ನೂ 19ನೇ ಶತಮಾನದಲ್ಲಿ ಬಂಡೆ ಒಡೆದು ಆಳ ಮಾಡಿದ್ದು.

ಸೇತುವೆ ಬರುವ ಮೊದಲು ದೋಣಿಯೇ ಗತಿ. ಸ್ವಾಮಿ ವಿವೇಕಾನಂದರು ಪಶ್ಚಿಮದಿಂದ ಮರಳಿದಾಗ, 1897ರ ಜನವರಿ 26ರಂದು, ಸಿಂಹಳದ ಕಡೆಯಿಂದ ಬಂದು ಇಳಿದದ್ದು ಈ ಪಂಬನ್‌ನಲ್ಲೇ; ರಾಮನಾಡಿನ ರಾಜ ಭಾಸ್ಕರ ಸೇತುಪತಿ ಎದುರುಗೊಂಡರು. ಯಾತ್ರಿಕರ ಅನುಕೂಲಕ್ಕೆಂದು ಬ್ರಿಟಿಷರು ಸೇತುವೆ ಕಟ್ಟಿದರು ಎಂದು ಕೆಲವರು ಹೇಳುವುದುಂಟು. ಸೌತ್ ಇಂಡಿಯನ್ ರೈಲ್ವೆ ಕಂಪನಿಗೆ ಅಷ್ಟೊಂದು ಭಕ್ತಿ ಇರಲಿಲ್ಲ. ಅದರ ಕಣ್ಣಿದ್ದದ್ದು ಸಿಂಹಳದ ಮೇಲೆ. ಅಲ್ಲಿನ ಚಹಾ ತೋಟಗಳಿಗೆ ತಮಿಳುನಾಡಿನಿಂದ ಕೂಲಿಯಾಳು ಹೋಗಬೇಕಿತ್ತು, ಸರಕು ಹೋಗಿಬರಬೇಕಿತ್ತು. ಅಲ್ಲಿಯವರೆಗೆ ರೈಲಿನಲ್ಲಿ ತೂತುಕುಡಿಗೆ ಹೋಗಿ, ಅಲ್ಲಿಂದ ಕೊಲಂಬೊಗೆ ಹಡಗಿನಲ್ಲಿ ಸುತ್ತುಬಳಸಿ ಹೋಗುವ ದಾರಿಯಿತ್ತು. ರಾಮಸೇತುವಿನ ದಿಬ್ಬಗಳ ಮೇಲೇ ಹಳಿ ಹಾಕಿ ಸಿಂಹಳದ ದಡದ ತಲೈಮನ್ನಾರಿಗೆ ನೇರ ರೈಲು ಬಿಡುವ ಯೋಚನೆಯೂ ಆಗ ಇತ್ತು, ಖರ್ಚು ನೋಡಿ ಕೈಬಿಟ್ಟರು. ಕೊನೆಗೆ ಗಟ್ಟಿಯಾದದ್ದು ಇದು: ಪಂಬನ್ ಕಂಡಿಗೆ ಸೇತುವೆ, ದ್ವೀಪದ ತುದಿಯ ಧನುಷ್ಕೋಟಿಯವರೆಗೆ ರೈಲು, ಅಲ್ಲಿಂದ ತಲೈಮನ್ನಾರಿಗೆ ಸುಮಾರು 35 ಕಿ.ಮೀ. ಹಡಗು, ಆಚೆ ಮತ್ತೆ ರೈಲು. ಮದ್ರಾಸಿನಲ್ಲಿ ಟಿಕೆಟ್ ತೆಗೆಸಿದರೆ ಕೊಲಂಬೊವರೆಗೂ ಅದೇ. ಆ ರೈಲಿಗೆ ‘ಬೋಟ್ ಮೇಲ್’ ಎಂಬ ಹೆಸರು ಬಂದದ್ದು ಹೀಗೆ. ಚೆನ್ನೈ–ರಾಮೇಶ್ವರ ರೈಲನ್ನು ಈಗಲೂ ಹಳಬರು ಹಾಗೇ ಕರೆಯುತ್ತಾರೆ, ಬೋಟು ನಿಂತು ಎಷ್ಟೋ ವರ್ಷ ಕಳೆದರೂ.

ಕೆಲಸ 1911ರಲ್ಲಿ ಶುರುವಾಗಿ 1914ರ ಫೆಬ್ರುವರಿ 24ರಂದು ಸೇತುವೆ ತೆರೆಯಿತು. ಉದ್ದ 2,065 ಮೀಟರ್. ಸಮುದ್ರದ ನೀರಿನೊಳಗೆ ಕಾಂಕ್ರೀಟಿನ ಕಂಬಗಳು, ಮೇಲೆ ಸುಮಾರು 12 ಮೀಟರಿನ ಉಕ್ಕಿನ ಗರ್ಡರ್‌ಗಳು, ಅಂಥ ಅಂಕಣ (ಕಂಬದಿಂದ ಕಂಬಕ್ಕೆ ಇರುವ ಭಾಗ) 140ಕ್ಕೂ ಹೆಚ್ಚು. ಕಟ್ಟಿದ ಕಾಲಕ್ಕೆ ಕಡಲ ಮೇಲಿನ ಸೇತುವೆಗಳಲ್ಲಿ ದೇಶದಲ್ಲೇ ಇದೇ ಉದ್ದದ್ದು.

ಇಲ್ಲಿ ಒಂದು ತೊಡಕಿತ್ತು. ಹಡಗಿಗೂ ದಾರಿ ಬಿಡಬೇಕು, ರೈಲೂ ಹೋಗಬೇಕು. ಸೇತುವೆಯನ್ನೇ ಎತ್ತರಕ್ಕೆ ಕಟ್ಟೋಣವೆಂದರೆ ಎರಡು ದಡವೂ ಅಂಗೈಯಂತೆ ಸಪಾಟು. ರೈಲು ಹಳಿಗೆ ನೂರು ಮೀಟರಿಗೆ ಒಂದು ಮೀಟರ್ ಏರು ಕೊಟ್ಟರೆ ಅದೇ ಜಾಸ್ತಿ. ಆ ಲೆಕ್ಕಕ್ಕೆ 20 ಮೀಟರ್ ಏರಲು ಒಂದೊಂದು ಬದಿಗೆ ಎರಡೆರಡು ಕಿಲೋಮೀಟರ್ ಏರುದಾರಿ ಬೇಕು. (ಪಕ್ಕದ ರಸ್ತೆ ಸೇತುವೆ ನಡುವೆ ಡುಬ್ಬ ಎತ್ತಿ ನಿಂತಿರುವುದನ್ನು ನೀವು ನೋಡಿರಬೇಕು. ಬಸ್ಸು ಲಾರಿಗೆ ಆ ಏರು ಲೆಕ್ಕಕ್ಕಿಲ್ಲ, ಗೂಡ್ಸ್ ರೈಲು ಹತ್ತಲಾರದು.) ಆದ್ದರಿಂದ ಸೇತುವೆ ತಗ್ಗಿನಲ್ಲೇ ಇರಲಿ, ಹಡಗಿನ ದಾರಿಯ ಮೇಲಿನ ಅಂಕಣ ಮಾತ್ರ ತೆರೆದುಕೊಳ್ಳಲಿ ಎಂದು ತೀರ್ಮಾನವಾಯಿತು.

ನಿಮ್ಮ ಗೈಡ್ ಹೇಳಿದ ‘ಜರ್ಮನ್’ ಬರುವುದು ಇಲ್ಲೇ. ಆ ತೆರೆಯುವ ಅಂಕಣದ ಮಾದರಿ ವಿಲಿಯಂ ಶೆರ್ಜರ್ ಎಂಬಾತನದು. ಹೆಸರು ಜರ್ಮನ್ ಮೂಲದ್ದೇ ಇರಬಹುದು, ಆತ ಮಾತ್ರ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಹುಟ್ಟಿ ಶಿಕಾಗೊದಲ್ಲಿ ಕೆಲಸ ಮಾಡಿದವನು. ಪಂಬನ್ ಸೇತುವೆಯನ್ನು ಆತ ಕಟ್ಟಿದ್ದಿರಲಿ, ನೋಡಲೂ ಇಲ್ಲ. 1893ರಲ್ಲೇ, 35ರ ಹರೆಯದಲ್ಲಿ ತೀರಿಕೊಂಡ. ಅವನ ಪೇಟೆಂಟ್ ಹಿಡಿದು ಶಿಕಾಗೊದಲ್ಲಿ ಅವನ ತಮ್ಮ ಕಂಪನಿ ನಡೆಸಿದ. ಪಂಬನ್‌ಗೆ ಬೇಕಾದ ಉಕ್ಕಿನ ಭಾಗಗಳನ್ನು ತಯಾರಿಸಿದ್ದು ಇಂಗ್ಲೆಂಡಿನ ಹೆಡ್ ರೈಟ್ಸನ್ ಕಾರ್ಖಾನೆ. ಅಂದರೆ ಅಮೆರಿಕದ ತಲೆ, ಇಂಗ್ಲೆಂಡಿನ ಉಕ್ಕು, ದುಡಿಮೆ ನಮ್ಮವರದು.

ಆ ಯಂತ್ರ ಹೇಗೆ ಕೆಲಸ ಮಾಡುತ್ತಿತ್ತು ಎಂಬುದನ್ನು ತುಸು ಬಿಡಿಸಿ ಹೇಳಬೇಕು, ಮುಂದಿನ ಕಥೆಯೆಲ್ಲ ಅದರ ಮೇಲೇ ನಿಂತಿದೆ. ನಡುವಿನ ಸುಮಾರು 68 ಮೀಟರ್ ಅಂಕಣವನ್ನು ಎರಡು ರೆಕ್ಕೆ ಮಾಡಿದ್ದಾರೆ. ಒಂದೊಂದು ರೆಕ್ಕೆಯ ತೂಕ 400 ಟನ್ನಿಗೂ ಮೇಲೆ. ರೆಕ್ಕೆಯ ಬುಡವನ್ನು ಕೀಲಿಗೆ ಸಿಕ್ಕಿಸಿಲ್ಲ; ಆ ಭಾಗ ದುಂಡಗೆ ಬಾಗಿದೆ, ಅದರಡಿ ಉಕ್ಕಿನ ಚಪ್ಪಟೆ ಹಾಸು. ತೂಗುಕುರ್ಚಿ ಹಿಂದಕ್ಕೆ ಒರಗುವ ಹಾಗೆ ಇಡೀ ರೆಕ್ಕೆ ಆ ಹಾಸಿನ ಮೇಲೆ ಉರುಳುತ್ತಾ ಹಿಂದೆ ಸರಿಯುತ್ತದೆ, ಸರಿಯುತ್ತಲೇ ಮೇಲೇಳುತ್ತದೆ. ಬೆನ್ನಿಗೆ ಎದುರುಭಾರ ಹೊರಿಸಿ ತೂಕ ಸರಿದೂಗಿಸಿರುವುದರಿಂದ ಎತ್ತುವವರಿಗೆ ಅಷ್ಟೂ ಟನ್ನಿನ ಭಾರ ಬೀಳುವುದಿಲ್ಲ, ಉಜ್ಜಾಟ ಮತ್ತು ಗಾಳಿಯ ಒತ್ತಡವನ್ನು ಮೀರಿಸಿದರೆ ಸಾಕು. ಅದಕ್ಕೇ ಮೋಟರು ಇರಲಿಲ್ಲ. ಬದಿಗೆ ಆರಾರು ಜನ ನಿಂತು ಲಿವರ್ ಹಿಡಿದು ಗುಂಡಗೆ ಸುತ್ತುತ್ತಿದ್ದರು, ಗಿಯರ್ ಹಲ್ಲು ಒಂದೊಂದೇ ಕಚ್ಚಿಕೊಂಡು ರೆಕ್ಕೆ ನಿಧಾನ ಏಳುತ್ತಿತ್ತು. ಮುಕ್ಕಾಲು ಗಂಟೆಯ ಮಾತು. 1914ರಿಂದ ಕೊನೆಯವರೆಗೂ ಹೀಗೇ ನಡೆಯಿತು.

ಈಗ 1964ಕ್ಕೆ ಬರೋಣ. ಡಿಸೆಂಬರ್ 22ರ ರಾತ್ರಿ ಚಂಡಮಾರುತ ಅಪ್ಪಳಿಸಿತು. ಕೊಚ್ಚಿಹೋದದ್ದು 653ನೇ ನಂಬರಿನ ಪಂಬನ್–ಧನುಷ್ಕೋಟಿ ಪ್ಯಾಸೆಂಜರ್. ಪಂಬನ್ ಸ್ಟೇಷನ್ ಇರುವುದು ದ್ವೀಪದ ಕಡೆಗೆ, ಧನುಷ್ಕೋಟಿಯೂ ದ್ವೀಪದ್ದೇ. ಆ ರೈಲು ಸೇತುವೆ ಹತ್ತುವ ಪ್ರಶ್ನೆಯೇ ಬರುವುದಿಲ್ಲ. ಧನುಷ್ಕೋಟಿಯ ಹತ್ತಿರ ಬಂದಾಗ ಮರಳ ದಿಣ್ಣೆಯ ಮೇಲಿದ್ದ ಹಳಿಯ ಮೇಲೇ ಅಲೆ ಹಾಯ್ದು ಡಬ್ಬಿಗಳನ್ನು ಎಳೆದುಕೊಂಡು ಹೋಯಿತು. ನೂರಕ್ಕೂ ಹೆಚ್ಚು ಜನ ಇದ್ದರು, ಯಾರೂ ಉಳಿಯಲಿಲ್ಲ. ಧನುಷ್ಕೋಟಿ ಊರೇ ಇಲ್ಲವಾಯಿತು. ಅಲ್ಲಿಗೆ ಮತ್ತೆ ರೈಲು ಹೋಗಲಿಲ್ಲ, ಧನುಷ್ಕೋಟಿಯಿಂದ ಹೊರಡುತ್ತಿದ್ದ ಬೋಟೂ ಅಲ್ಲಿಗೆ ಮುಗಿಯಿತು. ಅದೇ ರಾತ್ರಿ ಇತ್ತ ಸೇತುವೆಯ ಗರ್ಡರ್‌ಗಳೂ ಹೋದವು. ಒಂದೇ ಬಿರುಗಾಳಿಯ ಎರಡು ಸುದ್ದಿ ಜನರ ಬಾಯಲ್ಲಿ ಬೆರೆತು ಒಂದೇ ಕಥೆಯಾಯಿತು, ಅಷ್ಟೆ.

ಆ ರಾತ್ರಿ ಸೇತುವೆಯಲ್ಲಿ ಏನು ಹೋಯಿತು, ಏನು ಉಳಿಯಿತು? 120ಕ್ಕೂ ಹೆಚ್ಚು ಗರ್ಡರ್ ಕಂಬ ಬಿಟ್ಟು ನೀರುಪಾಲಾದವು. ನಡುವಿನ ಶೆರ್ಜರ್ ಅಂಕಣ ಮಾತ್ರ ಇದ್ದಲ್ಲೇ ಇತ್ತು. ಇದರಲ್ಲಿ ಪವಾಡವೇನೂ ಇಲ್ಲ. ಮೀಟರ್ ಗೇಜಿನ (ಎರಡು ಹಳಿಗಳ ನಡುವೆ ಒಂದೇ ಮೀಟರ್ ಅಂತರವಿರುವ ಹಳೇ ದಾರಿಯ) 12 ಮೀಟರ್ ಗರ್ಡರ್ ಹಗುರ. ತನ್ನ ಭಾರದಿಂದಲೇ ಕಂಬದ ಮೇಲೆ ಕೂತಿರುತ್ತದೆ, ಕೆಳಗಿನ ಬೋಲ್ಟು ಅತ್ತಿತ್ತ ಸರಿಯದ ಹಾಗೆ ಹಿಡಿಯಲೆಂದೇ ಹೊರತು ಮೇಲೇಳದ ಹಾಗೆ ಹಿಡಿಯಲು ಅಲ್ಲ. ಸಮುದ್ರವೇ ಉಕ್ಕಿ ಹಳಿಯ ಮಟ್ಟಕ್ಕೆ ಬಂದಾಗ ಕೆಳಗಿಂದ ನೀರು ಎತ್ತುತ್ತದೆ, ಪಕ್ಕದಿಂದ ಅಲೆ ಗುದ್ದುತ್ತದೆ. ಗರ್ಡರ್ ಮುರಿಯಬೇಕೆಂದೇನಿಲ್ಲ, ಜಾರಿದರೆ ಮುಗಿಯಿತು. ಶೆರ್ಜರ್ ರೆಕ್ಕೆಗಾದರೋ ಬೆನ್ನಿಗೆ ಎದುರುಭಾರ, ಅಡಿಗೆ ದೊಡ್ಡ ಕಂಬ. ಅದನ್ನು ಕದಲಿಸುವುದು ಅಲೆಗೆ ಸಾಧ್ಯವಾಗಲಿಲ್ಲ.

ದುರಸ್ತಿಯ ಹೊಣೆ ಬಿದ್ದದ್ದು ಆಗ 32 ವರ್ಷದ ಒಬ್ಬ ಎಂಜಿನಿಯರ್ ಮೇಲೆ. ಇ. ಶ್ರೀಧರನ್. ರೈಲ್ವೆ ಆರು ತಿಂಗಳ ಗಡುವು ಹಾಕಿತ್ತು, ಮೇಲಧಿಕಾರಿ ಅದನ್ನು ಮೂರು ತಿಂಗಳಿಗೆ ಇಳಿಸಿದರು, ಶ್ರೀಧರನ್ 46 ದಿನದಲ್ಲಿ ಮುಗಿಸಿದರು. ಹೊಸ ಗರ್ಡರ್ ತಯಾರಿಕೆಗೆ, ಸಾಗಣೆಗೆ ಕಾಯುತ್ತಾ ಕೂತಿದ್ದರೆ ಇದು ಆಗುವ ಮಾತಲ್ಲ. ಮುಳುಗಿದ ಗರ್ಡರ್‌ಗಳು ಕಡಲ ತಳದಲ್ಲಿ ಬಿದ್ದಿರುವುದನ್ನು ಮೀನುಗಾರರು ತೋರಿಸಿಕೊಟ್ಟರು. ಅವನ್ನೇ ಎತ್ತಿಸಿ, ಸರಿಮಾಡಿಸಿ, ಮತ್ತೆ ಕಂಬದ ಮೇಲೆ ಕೂರಿಸಿದರು. ಮುಂದೆ ಇದೇ ಶ್ರೀಧರನ್ ಕೊಂಕಣ ರೈಲ್ವೆಯ ಹೊಣೆ ಹೊತ್ತು ಹೊನ್ನಾವರದ ಶರಾವತಿ ಅಳಿವೆಗೆ ಸೇತುವೆ ಕಟ್ಟಿಸಿದರು. ಅದರ ಉದ್ದವೂ ಹೆಚ್ಚೂಕಡಿಮೆ ಅದೇ, 2,065 ಮೀಟರ್ ಚಿಲ್ಲರೆ! ಕಾಕತಾಳೀಯವೇ ಸರಿ. ಆದರೆ ಅದು ಉಕ್ಕಿನದಲ್ಲ, ಕಾಂಕ್ರೀಟಿನದು. ಅಲ್ಲೂ ಉಬ್ಬರಕ್ಕೆ ಉಪ್ಪುನೀರು ಒಳಗೆ ಬರುತ್ತದೆ. ಕರಾವಳಿಯ ಉದ್ದಕ್ಕೂ ಅಳಿವೆಗಳಿಗೆ ಕಾಂಕ್ರೀಟನ್ನೇ ಆರಿಸಿದ್ದರ ಹಿಂದೆ ಏನಿದೆ ಎಂದು ಹುಡುಕಿದರೆ ನಿಮ್ಮ ಮೂರನೇ ಪ್ರಶ್ನೆಯ ಬಾಗಿಲು ಸಿಗುತ್ತದೆ.

ಹರಿಹರದ ಸೇತುವೆ ಮುಗಿದದ್ದು 1868ರಲ್ಲಿ. ಬೆಂಗಳೂರು–ಧಾರವಾಡ ಹೆದ್ದಾರಿಗೆಂದು ಕಟ್ಟಿದ್ದು. 60 ಅಡಿಯ 14 ಕಮಾನು, ಆ ಕಾಲಕ್ಕೆ ಮೂರೂವರೆ ಲಕ್ಷ ರೂಪಾಯಿಯ ಹತ್ತಿರ ಖರ್ಚು. ಎಲ್ಲ ಕಲ್ಲು, ಇಟ್ಟಿಗೆ, ಗಾರೆ. ಪಂಬನ್‌ಗಿಂತ 46 ವರ್ಷ ದೊಡ್ಡದು, ನೀವು ಹೇಳಿದ್ದು ಸರಿ. ಆದರೆ ಅದರ ಮೈಯಲ್ಲಿ ತುಕ್ಕು ಹಿಡಿಯುವಂಥದ್ದು ಏನಿದೆ? ಕಮಾನಿನ ಗುಣವೆಂದರೆ ಮೇಲಿನ ಭಾರವೆಲ್ಲ ಕಲ್ಲನ್ನು ಕಲ್ಲಿಗೆ ಒತ್ತುತ್ತಾ ಕಂಬಕ್ಕೆ ಇಳಿಯುತ್ತದೆ. ಒತ್ತಡ ತಡೆಯುವುದರಲ್ಲಿ ಕಲ್ಲು ಗಟ್ಟಿಗ, ಎಳೆತ ಬಂದರಷ್ಟೇ ಸೋಲುತ್ತದೆ. ಕಮಾನಿನಲ್ಲಿ ಎಳೆತವೇ ಬಾರದಂತೆ ಕಟ್ಟಿದರೆ ಉಕ್ಕಿನ ಅಗತ್ಯವೇ ಇಲ್ಲ. ಅಂಥ ಸೇತುವೆಗೆ ತುಂಗಭದ್ರೆಯಿಂದ ಇರುವ ಅಪಾಯ ಒಂದೇ, ಪ್ರವಾಹ ಬಂದಾಗ ಕಂಬದ ಬುಡದ ಮಣ್ಣು ಕೊರೆದುಹೋಗುವುದು. ತಳ ಗಟ್ಟಿಯಿದ್ದರೆ, ಕಲ್ಲಿನ ಸಂದಿಯಲ್ಲಿ ಆಲದ ಗಿಡ ಅರಳಿ ಗಿಡ ಬೇರು ಬಿಡದಂತೆ ನೋಡಿಕೊಂಡರೆ, ಇನ್ನೂ ನೂರು ವರ್ಷ ಅದಕ್ಕೇನೂ ಆಗದು.

ಪಂಬನ್‌ನಲ್ಲೂ ಕಮಾನು ಕಟ್ಟಬಹುದಿತ್ತಲ್ಲ ಎಂದು ಕೇಳಬೇಡಿ. ಕಮಾನು ತೆರೆದು ಹಡಗು ಬಿಡುವ ವಿದ್ಯೆ ಯಾರಿಗೂ ಬರುವುದಿಲ್ಲ.

ಉಪ್ಪಿನ ವಿಷಯ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣ, ಅದರಲ್ಲಿ 19 ಗ್ರಾಂ ಕ್ಲೋರೈಡ್. ತುಂಗಭದ್ರೆಯಂಥ ನದಿಯ ನೀರಿನಲ್ಲಿ ಅದು ಮಿಲಿಗ್ರಾಂ ಲೆಕ್ಕ. ಉಕ್ಕಿನ ಮೇಲೆ ತಾನಾಗಿ ಏಳುವ ತೆಳುವಾದ ಪದರವೊಂದು ಅದನ್ನು ಅಷ್ಟಿಷ್ಟು ಕಾಯುತ್ತದೆ. ಕ್ಲೋರೈಡ್ ಆ ಪದರವನ್ನು ಚುಕ್ಕೆ ಚುಕ್ಕೆಯಾಗಿ ಒಡೆದು ಒಳಗೆ ಗುಳಿ ತೋಡುತ್ತದೆ. ಮೇಲಿಂದ ನೋಡಿದರೆ ಸಾಸಿವೆ ಕಾಳಿನಷ್ಟು ತೂತು, ಒಳಗೆ ಹೋದಷ್ಟೂ ಅಗಲ. ಅಮೆರಿಕದ ಮಯಾಮಿ ಬಿಟ್ಟರೆ ಜಗತ್ತಿನಲ್ಲೇ ಅತಿ ಹೆಚ್ಚು ತುಕ್ಕು ಹಿಡಿಯುವ ಜಾಗ ಪಂಬನ್ ಎಂಬ ಮಾತು ಎಲ್ಲ ಬರಹಗಳಲ್ಲೂ ಬರುತ್ತದೆ. ಇಂಥ ರ‍್ಯಾಂಕಿನಲ್ಲಿ ನನಗೆ ನಂಬಿಕೆಯಿಲ್ಲ, ಯಾಕೆಂದರೆ ಒಂದೇ ಸೇತುವೆಯ ಒಂದೇ ಕಂಬದಲ್ಲಿ ತುಕ್ಕು ಮೊಳದಿಂದ ಮೊಳಕ್ಕೆ ಬೇರೆಯಾಗುತ್ತದೆ. ಸದಾ ಮುಳುಗಿರುವ ಭಾಗಕ್ಕೆ ಅಷ್ಟು ಕೇಡಿಲ್ಲ, ನೀರಿನೊಳಗೆ ಆಮ್ಲಜನಕ ಕಡಿಮೆ. ತೀರಾ ಮೇಲಿನ ಭಾಗಕ್ಕೆ ಆಮ್ಲಜನಕ ಬೇಕಾದಷ್ಟಿದೆ, ಉಪ್ಪು ಕಡಿಮೆ. ಕೇಡಿರುವುದು ನಡುವೆ, ಅಲೆಯ ಹನಿ ಸಿಡಿಯುವ ಪಟ್ಟಿಯಲ್ಲಿ. ಅಲ್ಲಿ ಉಕ್ಕು ನೆನೆಯುತ್ತದೆ, ಬಿಸಿಲಿಗೆ ಒಣಗುತ್ತದೆ, ನೀರು ಹಾರಿ ಉಪ್ಪು ಉಳಿಯುತ್ತದೆ, ಮತ್ತೆ ನೆನೆಯುತ್ತದೆ. ದಿನವೂ ಇದೇ. ತಗ್ಗಾಗಿ ಕಟ್ಟಿದ ಸೇತುವೆಯ ಗರ್ಡರ್‌ಗಳೆಲ್ಲ ಇದೇ ಪಟ್ಟಿಯ ಆಸುಪಾಸಿನಲ್ಲಿ ಇರುವಂಥವು. ಗಾಳಿಯ ದಿನಗಳಲ್ಲಿ ಹಳಿಯ ಮೇಲೇ ತುಂತುರು ಬಂದು ಬೀಳುತ್ತದೆ.

ಇನ್ನು ರಿವೆಟ್. ಹಳೇ ಸೇತುವೆಯ ಉಕ್ಕಿನ ತಗಡುಗಳನ್ನೆಲ್ಲ ಜೋಡಿಸಿದ್ದು ರಿವೆಟ್ಟಿನಲ್ಲಿ (ತಲೆ ಬಡಿದು ಕೂರಿಸುವ ಉಕ್ಕಿನ ಮೊಳೆ), ವೆಲ್ಡಿಂಗ್ ಆಮೇಲೆ ಬಂದದ್ದು. ಎರಡು ತಗಡು ಒಂದರ ಮೇಲೊಂದು ಕೂತ ಸಂದಿಗೆ ಬ್ರಶ್ ಹೋಗದು, ಬಣ್ಣ ಹೋಗದು, ಉಪ್ಪುನೀರು ಮಾತ್ರ ಹೋಗುತ್ತದೆ. ಒಳಗೆ ಹುಟ್ಟಿದ ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಕೇಳುತ್ತದೆ. ಹೀಗಾಗಿ ತಗಡುಗಳು ಉಬ್ಬಿ ಬಾಯಿ ಬಿಡುತ್ತವೆ, ರಿವೆಟ್ಟಿನ ತಲೆ ಸಡಿಲಾಗುತ್ತದೆ, ಕೆಲವೊಮ್ಮೆ ಹಾರಿಯೇ ಹೋಗುತ್ತದೆ. ನಾವು ರಿವೆಟ್ ಪರೀಕ್ಷೆ ಮಾಡುವ ಬಗೆ ಸರಳ: ತಲೆಯ ಒಂದು ಬದಿಗೆ ಹೆಬ್ಬೆರಳು ಒತ್ತಿ ಹಿಡಿದು, ಇನ್ನೊಂದು ಬದಿಯಿಂದ ಸಣ್ಣ ಸುತ್ತಿಗೆಯಲ್ಲಿ ತಟ್ಟುವುದು. ಗಟ್ಟಿ ಇದ್ದರೆ ಠಣ್ ಅನ್ನುತ್ತದೆ, ಬೆರಳಿಗೆ ಏನೂ ಗೊತ್ತಾಗುವುದಿಲ್ಲ. ಸಡಿಲಿದ್ದರೆ ಸದ್ದು ಮಂಕು, ಬೆರಳಿನಡಿ ಸಣ್ಣಗೆ ಕದಲುತ್ತದೆ. ಅದಕ್ಕೆ ಬಣ್ಣದ ಗುರುತು ಹಾಕಿ ಮುಂದಿನದಕ್ಕೆ ಹೋಗಬೇಕು. ನದಿ ಸೇತುವೆಯಲ್ಲಿ ಒಂದು ಅಂಕಣ ಪೂರ್ತಿ ತಟ್ಟಿದರೂ ಗುರುತು ಬೆರಳೆಣಿಕೆಯಷ್ಟು. ಉಪ್ಪುಗಾಳಿಯ ಗರ್ಡರ್‌ಗೆ ಏಣಿ ಹಾಕಿದವನಿಗೆ ಬಣ್ಣದ ಡಬ್ಬಿ ಜೊತೆಗೇ ಇರಬೇಕು. ಕಡಲ ಸೇತುವೆಯ ಗ್ಯಾಂಗಿನವರಿಗೆ ಕೆರೆಯುವುದು, ಪ್ರೈಮರ್ ಹಚ್ಚುವುದು, ಅಲ್ಯುಮಿನಿಯಂ ಬಣ್ಣ ಬಳಿಯುವುದು, ಇದು ಮುಗಿಯುವ ಕೆಲಸವೇ ಅಲ್ಲ. ಈ ತುದಿ ಮುಟ್ಟುವಷ್ಟರಲ್ಲಿ ಆ ತುದಿ ಮತ್ತೆ ಕೆಂಪಾಗಿರುತ್ತದೆ.

ಇಷ್ಟಾದರೂ ಸಾದಾ ಗರ್ಡರ್‌ಗಳ ಸಮಸ್ಯೆಗೆ ಮದ್ದಿದೆ. ಒಂದು ಹೋದರೆ ಕ್ರೇನಿನಲ್ಲಿ ಎತ್ತಿ, ಅದೇ ಅಳತೆಯ ಬೇರೊಂದು ಕೂರಿಸಿದರೆ ಆಯಿತು. 1964ರ ಚಂಡಮಾರುತದ ಮೇಲೆ ಬಿದ್ದ ಗರ್ಡರ್‌ಗಳನ್ನೇ ಎತ್ತಿ ಕೂರಿಸಿದ್ದರಲ್ಲ, ಹಾಗೆ. ಮದ್ದಿಲ್ಲದ್ದು ಶೆರ್ಜರ್ ಅಂಕಣಕ್ಕೆ. ಅಲ್ಲಿ ಉರುಳುವ ಬಾಗು, ಅದರಡಿಯ ಹಾಸು, ಗಿಯರ್, ಎರಡು ರೆಕ್ಕೆ ಕೂಡುವ ಬೀಗ ಎಲ್ಲವೂ ಕೂದಲೆಳೆ ಲೆಕ್ಕದಲ್ಲಿ ಹೊಂದಿರಬೇಕು. ಬಾಗಿನ ಉಕ್ಕು ಸವೆದರೆ ರೆಕ್ಕೆ ಮುಚ್ಚಿದಾಗ ಹಳಿಗೆ ಹಳಿ ಕೂಡುವುದಿಲ್ಲ. ಎರಡು ರೆಕ್ಕೆಯ ತೆರೆಯುವ ಸೇತುವೆಯನ್ನು ರಸ್ತೆಗೆ ಧಾರಾಳ ಕಟ್ಟುತ್ತಾರೆ, ರೈಲಿಗೆ ಅಪರೂಪ. ಕಾರಣ, ನಡುಮಧ್ಯೆ ಇರುವುದು ಬರೀ ಬೀಗ. ಎಂಜಿನ್ ಆ ಕೂಡುಜಾಗದ ಮೇಲೆ ಬಂದಾಗ ಎರಡು ತುದಿಯೂ ಬಾಗುತ್ತವೆ, ದಾಟಿದ ಮೇಲೆ ಎದ್ದುಕೊಳ್ಳುತ್ತವೆ. ಪ್ರತಿ ಗಾಲಿಗೂ ಒಂದು ಏಟು. ಹಳೇ ಸೇತುವೆಯ ಮೇಲೆ ರೈಲು ಗಂಟೆಗೆ 10 ಕಿ.ಮೀ. ವೇಗದಲ್ಲಿ ತೆವಳುತ್ತಿದ್ದದ್ದು ಇದಕ್ಕೇ. ನಾವದನ್ನು ಕಡಲು ನೋಡಲೆಂದು ನಿಧಾನ ಬಿಡುತ್ತಾರೆ ಅಂದುಕೊಂಡು ಕಿಟಕಿಗೆ ಮುಖ ಹಚ್ಚುತ್ತಿದ್ದೆವು.

ಅದರ ಮೇಲೆ ಇನ್ನೊಂದು ಹೊರೆ ಬಂತು. ಸೇತುವೆ ಕಟ್ಟಿದ್ದು ಮೀಟರ್ ಗೇಜಿಗೆ, ನಮ್ಮ ದಾವಣಗೆರೆ ದಾರಿಯೂ ಒಂದು ಕಾಲಕ್ಕೆ ಅದೇ ಇತ್ತಲ್ಲ. 1988ರ ಅಕ್ಟೋಬರ್ 2ರಂದು ರಸ್ತೆ ಸೇತುವೆ ತೆರೆದ ಮೇಲೆ ರೈಲು ಸೇತುವೆಯನ್ನು ಬಿಟ್ಟುಬಿಡಬಹುದಿತ್ತು, ಬಿಡಲಿಲ್ಲ. 2007ರಲ್ಲಿ ಗಟ್ಟಿಮಾಡಿ ಬ್ರಾಡ್ ಗೇಜ್ ಹಳಿ ಹಾಸಿದರು. ಆಗ ಅದು ದೊಡ್ಡ ಸಾಧನೆಯೇ, ಇಲ್ಲದಿದ್ದರೆ ರಾಮೇಶ್ವರಕ್ಕೆ ರೈಲೇ ನಿಲ್ಲುತ್ತಿತ್ತು. ಆದರೆ 93 ವರ್ಷದ ರೆಕ್ಕೆಯ ಮೇಲೆ ಭಾರದ ಎಂಜಿನ್, ಭಾರದ ಡಬ್ಬಿ ಓಡಿಸಿದ್ದು ಅದರ ಆಯುಸ್ಸನ್ನು ಬೇಗ ಖರ್ಚು ಮಾಡಿತು ಎಂಬುದು ನನ್ನ ಅಭಿಪ್ರಾಯ. ಮದ್ರಾಸ್ ಐಐಟಿಯವರು ಸೆನ್ಸರ್ ಅಂಟಿಸಿ ಅದರ ನಾಡಿ ನೋಡುತ್ತಿದ್ದರು. 2018ರ ಡಿಸೆಂಬರ್‌ನಲ್ಲಿ ಆ ಅಂಕಣದಲ್ಲಿ ಬಿರುಕು ಕಂಡು ಕೆಲವು ತಿಂಗಳು ರೈಲು ನಿಂತಿತು. ರಿಪೇರಿ ಮಾಡಿ ಬಿಟ್ಟರು. 2022ರ ಡಿಸೆಂಬರ್ 23ರಂದು ಮತ್ತೆ ನಿಲ್ಲಿಸಿದರು, ಆಮೇಲೆ ಬಿಡಲೇ ಇಲ್ಲ. ಹುಬ್ಬಳ್ಳಿಯಿಂದ ನಮ್ಮೂರ ಮೇಲೆ ಹಾದು ಹೋಗುವ ರಾಮೇಶ್ವರದ ವಾರದ ರೈಲು ಆಗ ರಾಮನಾಥಪುರಕ್ಕೇ ನಿಂತು, ಅಲ್ಲಿಂದ ಯಾತ್ರಿಕರು ಬಸ್ಸು ಹಿಡಿಯಬೇಕಾಗಿ ಬಂದದ್ದು ನಿಮ್ಮ ಬಳಗದಲ್ಲೂ ಕೆಲವರಿಗೆ ನೆನಪಿರಬಹುದು.

ಈಗ ಗಮನಿಸಿ. 1964ರ ಅಲೆ ನೂರಿಪ್ಪತ್ತು ಗರ್ಡರ್ ಎತ್ತೊಯ್ದು ಶೆರ್ಜರ್ ಅಂಕಣವನ್ನು ಮುಟ್ಟಲಿಲ್ಲ. 2022ರಲ್ಲಿ ಸಾದಾ ಅಂಕಣಗಳೆಲ್ಲ ರೈಲು ಹೊರಲು ಸಿದ್ಧವಿದ್ದವು, ಸೋತದ್ದು ಆ ಶೆರ್ಜರ್ ಅಂಕಣವೇ. ಚಂಡಮಾರುತದ ಎದುರು ಅದನ್ನು ಕಾಪಾಡಿದ್ದು ಅದರ ದೊಡ್ಡ ಮೈ, ಜಟಿಲವಾದ ಕಟ್ಟು. ತುಕ್ಕಿಗೆ ಬೇಕಾದ್ದೂ ಅದೇ: ಸಾವಿರಾರು ಸಂದಿ, ಕೈ ಹೋಗದ ಮೂಲೆ, ಬದಲಿ ಸಿಗದ ಭಾಗ. ರಿಪೇರಿ ಮಾಡಬಹುದಿತ್ತಲ್ಲವೇ ಎಂದಿರಿ. ಮಾಡಬಹುದಿತ್ತು, ಹೊಸ ರೆಕ್ಕೆಗಳನ್ನೇ ಮಾಡಿಸಿ ತಂದು. ಅಷ್ಟು ಖರ್ಚು ಮಾಡಿಯೂ ಕೈಗೆ ಸಿಗುವುದು 10 ಕಿ.ಮೀ. ವೇಗದ, ಕೈಯಲ್ಲಿ ಸುತ್ತಿ ಎತ್ತುವ, ತಗ್ಗಿನ ಸೇತುವೆಯೇ. ಬೇರೆ ಕಟ್ಟಿದ್ದು ಸರಿಯಾದ ತೀರ್ಮಾನ.

ಹೊಸದರ ಬಗ್ಗೆ ನೀವು ಕೇಳಿಲ್ಲ, ಆದ್ದರಿಂದ ಚುಟುಕಾಗಿ. 2025ರ ಏಪ್ರಿಲ್ 6ರ ರಾಮನವಮಿಯಂದು ಉದ್ಘಾಟನೆಯಾಯಿತು. 18.3 ಮೀಟರಿನ 99 ಅಂಕಣ, ನಡುವೆ 72.5 ಮೀಟರಿನ ಒಂದು. ಆ ಒಂದು ರೆಕ್ಕೆಯಂತೆ ತೆರೆಯುವುದಿಲ್ಲ. ಎರಡು ಗೋಪುರಗಳ ನಡುವೆ ಲಿಫ್ಟಿನಂತೆ ನೇರ 17 ಮೀಟರ್ ಮೇಲೇಳುತ್ತದೆ. ಮೋಟರಿದೆ, ಐದಾರು ನಿಮಿಷದ ಕೆಲಸ. ಇಡೀ ಅಂಕಣ ಒಂದೇ ತುಂಡಾದ್ದರಿಂದ ನಡುವಿನ ಬೀಗದ ಗೋಳು ಇಲ್ಲ. ಹಳೆಯದಕ್ಕಿಂತ ಮೂರು ಮೀಟರ್ ಎತ್ತರ, ರಿವೆಟ್ ಬದಲು ವೆಲ್ಡಿಂಗ್, ಕಾಂಕ್ರೀಟಿನೊಳಗೆ ಸ್ಟೇನ್‌ಲೆಸ್ ಕಂಬಿ, ಉಕ್ಕಿಗೆ ತುಕ್ಕು ತಡೆಯುವ ಪಾಲಿಸಿಲೋಕ್ಸೇನ್ ಬಣ್ಣ. ಹಳೆಯದು ಕಲಿಸಿದ್ದನ್ನೆಲ್ಲ ಒಂದೊಂದಾಗಿ ಬರೆದುಕೊಂಡು ಕಟ್ಟಿದ ಹಾಗಿದೆ. ಗಾಳಿ ಮಾತ್ರ ಅಲ್ಲಿ ಇನ್ನೂ ದೊಡ್ಡ ಅಧಿಕಾರಿ. ಹಳೇ ಸೇತುವೆಯ ಕಾಲದಿಂದಲೂ ಗಾಳಿಯ ವೇಗ ಗಂಟೆಗೆ 50–60 ಕಿ.ಮೀ. ಮುಟ್ಟಿದರೆ ಸಿಗ್ನಲ್ ಕೊಡುವುದಿಲ್ಲ. ಮಂಟಪಂನಲ್ಲಿ ರೈಲು ಸುಮ್ಮನೆ ನಿಂತರೆ ಬೇಸರ ಮಾಡಿಕೊಳ್ಳಬೇಡಿ.

ಹಳೆಯದನ್ನು ಹಾಗೇ ಸ್ಮಾರಕ ಮಾಡಿ ಇಡಬೇಕೆಂದು ಕೇಳುವವರು ಬಹಳ. ನಾನು ಆ ಗುಂಪಿನವನಲ್ಲ. ಬಣ್ಣ ಕಾಣದ ಉಕ್ಕು ಆ ನೀರಿನ ಮೇಲೆ ಹೆಚ್ಚು ವರ್ಷ ನಿಲ್ಲದು. ಮುಂದೊಂದು ಚಂಡಮಾರುತ ಬಂದರೆ ಗರ್ಡರ್‌ಗಳು ಹೇಗೆ ತೇಲಿಹೋಗುತ್ತವೆ ಎಂಬುದನ್ನು 1964ರಲ್ಲೇ ನೋಡಿಯಾಗಿದೆ, ಈಗ ಅವು ಹೋಗಿ ಗುದ್ದಲು ಪಕ್ಕದಲ್ಲೇ ಹೊಸ ಸೇತುವೆಯಿದೆ. ಹಳೆಯದರ ರೆಕ್ಕೆಗಳು ಎತ್ತಿಕೊಂಡೇ ಇರದಿದ್ದರೆ ಹಡಗಿನ ದಾರಿಗೂ ಅಡ್ಡಿ. ಆದ್ದರಿಂದ ಗರ್ಡರ್‌ಗಳನ್ನು ಬಿಚ್ಚಿ ತೆಗೆಯುವುದೇ ಲೇಸು. ಉಳಿಸಿಕೊಳ್ಳಬೇಕಾದದ್ದು ಶೆರ್ಜರ್ ರೆಕ್ಕೆಗಳಲ್ಲಿ ಒಂದನ್ನು, ಅದರ ಉರುಳುವ ಹಾಸು, ಗಿಯರ್, ಲಿವರ್ ಸಮೇತ, ಮಂಟಪಂ ಕಡೆಯ ನೆಲದ ಮೇಲೆ, ಬಂದವರು ಕೈಯಿಂದ ಸುತ್ತಿ ನೋಡುವ ಹಾಗೆ. 400 ಟನ್ನನ್ನು ಸಾಗಿಸುವುದು ಹೇಗೆ ಎಂದು ಹೆದರಬೇಕಿಲ್ಲ. ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದಾಗಲೂ ಅದು ಬಿಡಿಬಿಡಿ ಭಾಗಗಳಾಗಿಯೇ ಬಂದದ್ದು, ಇಲ್ಲಿ ಜೋಡಿಸಿ ರಿವೆಟ್ ಹೊಡೆದರು.